ಮೂರನೆಯ ಕಲ್ಲಿನ ಬಿಳಿ ಬಣ್ಣ

ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರರ ಮೇಲೆ ನನಗೆ ಹೊಟ್ಟೆಕಿಚ್ಚು ಇತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳೋಣ ಎಂದು ಇಟ್ಟುಕೊಂಡರೆ ನಡುವೆ ಎಲ್ಲಾದರೂ ಜಾರಿಕೊಳ್ಳುತ್ತೇನೆ, ನನ್ನ ಸ್ವಭಾವ ನನಗೆ ಗೊತ್ತು.

ನಮ್ಮ ಮನೆತನದಲ್ಲಿ ಪದವಿ ಕಂಡ ಮೊದಲಿಗ ನಾನು. ಅಪ್ಪ ಅವ್ವ ಇಬ್ಬರೂ ಕಾಲುವೆ ಅಗೆಯಲು ಹೋದವರು. ಅಪ್ಪ ಹಾರೆ ಹಾಕಿದರೆ ಅವ್ವ ಮಣ್ಣಿನ ಬುಟ್ಟಿ ಹೊರುತ್ತಿದ್ದಳು. ಅವರು ಅಗೆದ ಕಾಲುವೆಯಲ್ಲಿ ನೀರು ಹರಿಯುವ ಹೊತ್ತಿಗೆ ನಾನು ಹಾಸ್ಟೆಲಿನ ಅನ್ನ ತಿಂದು ಕನ್ನಡ ಎಂ.ಎ. ಮುಗಿಸಿದ್ದೆ. ಅದರ ಮೇಲೆ ಶಾಸನಗಳ ಡಿಪ್ಲೊಮಾ ಒಂದು, ಆಮೇಲೆ ಬಿ.ಎಡ್. ಎಲ್ಲ ಮುಗಿಸಿ ಶಹಾಪುರ ತಾಲೂಕಿನ ಒಂದು ಪ್ರೌಢಶಾಲೆಗೆ ಕನ್ನಡ ಮಾಸ್ತರನಾಗಿ ಬಂದೆ. ಮನೆಯ ಗೋಡೆಯ ಮೇಲೆ ಬುದ್ಧನ ಪಟವಿತ್ತು, ಅದರ ಪಕ್ಕ ಕಟ್ಟು ಹಾಕಿಸಿದ ನನ್ನ ಪದವಿ ಪತ್ರ. ಅವ್ವ ಎರಡಕ್ಕೂ ಊದುಬತ್ತಿ ಹಚ್ಚುತ್ತಿದ್ದಳು. ಬೇಡ ಎಂದರೆ ಕೇಳುತ್ತಿರಲಿಲ್ಲ. ನಾನೂ ಅಷ್ಟು ಜೋರಾಗಿ ಬೇಡ ಎನ್ನುತ್ತಿರಲಿಲ್ಲ.

ನೌಕರಿ ಸಿಕ್ಕ ವರ್ಷ ಬಾಗಿಲಿಗೊಂದು ಹೆಸರಿನ ಹಲಗೆ ಹಾಕಬೇಕು ಎನ್ನಿಸಿತು. ಬರೆದುಕೊಟ್ಟವರು ಡ್ರಾಯಿಂಗ್ ಮಾಸ್ತರರು. ಅವರು ಸುರಪುರದವರು, ನನಗಿಂತ ಹತ್ತು ವರ್ಷ ದೊಡ್ಡವರು, ಮನೆಯಲ್ಲಿ ದಖ್ಖನಿ ಮಾತು. ಮೆಟ್ರಿಕ್ ಆದ ಮೇಲೆ ಚಿತ್ರಕಲೆಯ ಪರೀಕ್ಷೆ ಕಟ್ಟಿ ಪಾಸು ಮಾಡಿದ್ದರು, ಅಷ್ಟೇ. ಡಿಗ್ರಿ ಇರಲಿಲ್ಲ. ಅವರಿಗೆ ಡಿಗ್ರಿ ಇಲ್ಲ ಎನ್ನುವುದು ನನ್ನ ತಲೆಯಲ್ಲಿ ಯಾವಾಗಲೂ ಕೂತಿರುತ್ತಿತ್ತು. ಹಲಗೆ ಮೊಳೆ ಹೊಡೆದ ದಿನ ಓಣಿಯ ಜನ ಬಂದು ನೋಡಿದರು. ಹೆಸರಿನ ಮುಂದಿದ್ದ ಎಂ.ಎ., ಬಿ.ಎಡ್. ಬಗ್ಗೆ ಒಬ್ಬರೂ ಮಾತಾಡಲಿಲ್ಲ.

"ಏನ್ ಅಕ್ಷರ ತೆಗದಾನಲೇ, ಮುತ್ತು ಪೋಣಿಸಿದಂಗ!" ಎಂದರು.

ಆ ಎರಡು ಪದವಿಗೆ ನಾನು ಎಷ್ಟು ವರ್ಷ ಸವೆಸಿದ್ದೆ. ಅವುಗಳನ್ನು ಬರೆದ ಕುಂಚಕ್ಕೆ ಶಾಬಾಷ್‌ಗಿರಿ ಹೋಯಿತು. ಕಿಚ್ಚು ಹತ್ತಿದ್ದು ಅಲ್ಲಿಯೇ.

ಅವರ ತಂದೆ ಬೋರ್ಡು ಬರೆಯುವ ಪೇಂಟರ್. ಸುರಪುರದ ಅಂಗಡಿಗಳದ್ದು, ಕೊಡೇಕಲ್‌ನ ಖಾನಾವಳಿಗಳದ್ದು, ಯಾದಗಿರಿ ದಾಟಿ ಗುರುಮಠಕಲ್ ಕಡೆ ಹೋದರೆ ತೆಲುಗಿನವು. ಅವರಿಗೆ ತೆಲುಗು ಓದಲು ಬರುತ್ತಿರಲಿಲ್ಲ. ಅಂಗಡಿಯವನು ಚೀಟಿಯಲ್ಲಿ ಬರೆದುಕೊಟ್ಟದ್ದರ ಮೇಲೆ ಸಣ್ಣ ಚೌಕಗಳನ್ನು ಎಳೆಯುವುದು, ಹಲಗೆಯ ಮೇಲೆ ಬಣ್ಣದ ನೂಲು ಬಿಗಿದು ಅಷ್ಟೇ ಸಂಖ್ಯೆಯ ದೊಡ್ಡ ಚೌಕಗಳನ್ನು ಹಾಕುವುದು, ಒಂದೊಂದು ಚೌಕದಲ್ಲಿದ್ದ ಗೆರೆಯನ್ನು ಇನ್ನೊಂದು ಚೌಕಕ್ಕೆ ಎತ್ತಿ ಇಡುವುದು. ಒಂದು ತಪ್ಪೂ ಬರುತ್ತಿರಲಿಲ್ಲವಂತೆ. ಮಗನೂ ಇದೇ ಕೈ ಕಲಿತಿದ್ದರು. ಸ್ಟಾಫ್ ರೂಮಿನಲ್ಲಿ ನಾನು ಕೆಣಕುತ್ತಿದ್ದೆ:

"ಅರ್ಥ ಗೊತ್ತಿಲ್ಲದ್ದು ಬರಿಯೂದು ಗಿಳಿಪಾಠ ಅಲ್ಲೇನ್ರಿ ಮಾಸ್ತರ್ರ?"

ಅವರು ನಗುತ್ತಿದ್ದರು. "ನಮ್ಮ ಅಬ್ಬಾ ಅಂತಿದ್ರು ಸರ್, ಓದಾಕ ಬಂದ್ರ ಕೈ ಅವಸರ ಮಾಡ್ತದ. ಬರಲಿಲ್ಲಂದ್ರ ಕಣ್ಣು ಕೆಲಸ ಮಾಡ್ತದ."

ಅಂಥ ಮಾತನ್ನು ನಾನು ಆಡಬೇಕಿತ್ತು ಎನ್ನಿಸಿ ಚಹಾ ಕುಡಿಯದೆ ಎದ್ದು ಹೋದದ್ದು ನೆನಪಿದೆ.

ಗೋಗಿಯ ದಾರಿಯಲ್ಲಿ ಒಬ್ಬ ಅಜ್ಜಿಯ ಹೊಲವಿತ್ತು. ಕಾಲುವೆ ಬಂದು ಆರೇಳು ವರ್ಷವಾಗಿತ್ತು. ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾಗಿ, ಹೊಲಹೊಲಕ್ಕೂ ನೀರಿನ ಸಣ್ಣ ತೋಡುಗಳಾಗಿದ್ದವು. ಅಜ್ಜಿಯ ಗಂಡ ಬದುಕಿದ್ದಾಗ ಮರಡಿಯ ಮೇಲಿಂದ ಒಂದು ಉದ್ದನೆಯ ಹಾಸುಗಲ್ಲನ್ನು ಎತ್ತಿನಿಂದ ಎಳೆಸಿ, ತೋಡಿನ ಮೇಲೆ ದಾಟಲು ಹಾಕಿಸಿದ್ದನಂತೆ. ಅಜ್ಜಿ ಅದರ ಮೇಲೆಯೇ ಬಟ್ಟೆ ಒಗೆಯುತ್ತಿದ್ದಳು. ಆ ಬೇಸಿಗೆ, ಕಾಲುವೆ ಬಂದ್ ಆದಾಗ, ಟ್ರ್ಯಾಕ್ಟರ್ ಹಾಯ್ದು ಕಲ್ಲು ಮಗುಚಿ ಬಿತ್ತು. ಇಷ್ಟು ವರ್ಷ ನೀರಿನ ಕಡೆ ಮುಖ ಮಾಡಿದ್ದ ಮಗ್ಗುಲು ಮೇಲೆ ಬಂತು. ಅದರ ಮೇಲೆ ನಾಲ್ಕು ಸಾಲು ಬರಹ.

ಅಜ್ಜಿ ಶಾಲೆಗೆ ಹೇಳಿ ಕಳಿಸಿದಳು. ನಾನು ಓಡಿದೆ.

"ತಮ್ಮಾ, ನೀ ಕಲ್ಲು ಓದೂ ಸಾಲಿ ಕಲ್ತೀದಿ ಅಂತಲ್ಲ, ಓದು ನೋಡೂಣು," ಎಂದಳು. "ಹೊನ್ನಿನ ಸುದ್ದಿ ಇದ್ರ ಸಣ್ಣಗ ಹೇಳು."

ಅಕ್ಷರಗಳು ಬಹಳ ಹಳೆಯವು, ಅದಂತೂ ಖಂಡಿತ. ನಮ್ಮ ಕನ್ನಡದ ಅಕ್ಷರಗಳಿಗಿಂತ ಎಷ್ಟೋ ಹಿಂದಿನ ಬ್ರಾಹ್ಮಿ ಬಗೆ. ಭೀಮಾ ದಂಡೆಯಲ್ಲಿ ಬೌದ್ಧರ ಸ್ತೂಪದ ಕಲ್ಲುಗಳು ಸಿಕ್ಕಿದ್ದು ನನಗೆ ಗೊತ್ತಿತ್ತು. ಆದರೆ ಗೆರೆಗಳು ತೀರ ಸವೆದಿದ್ದವು, ಬೆರಳು ಆಡಿಸಿದರೆ ಮಾತ್ರ ಹತ್ತುತ್ತಿದ್ದವು. ಮಂಡಿಯೂರಿ ಮಧ್ಯಾಹ್ನವೆಲ್ಲ ನೋಡಿದೆ. ಮೊದಲ ಎರಡು ಸಾಲು ತಿಳಿಯಲಿಲ್ಲ. ಮೂರನೆಯ ಸಾಲಿನಲ್ಲಿ ಒಂದು ಮಾತು ಕಂಡಿತು: 'ಸಂಘ', ಬೌದ್ಧ ಭಿಕ್ಷುಗಳ ಸಂಘ. ಅದರ ಮುಂದೆ ಭೂಮಿ ಕೊಟ್ಟ ಮಾತಿರಬೇಕು ಎನ್ನಿಸಿತು.

ಯಾಕೆ ಹಾಗೆ ಎನ್ನಿಸಿತು ಎನ್ನುವುದನ್ನೂ ಹೇಳಬೇಕು. ನಮ್ಮದು ಒಂದು ಗುಂಟೆಯೂ ಇಲ್ಲದ ಮನೆ. ಕಾಲುವೆ ಬಂದಾಗ ಊರಿನ ಎಲ್ಲರ ಹೊಲಕ್ಕೆ ನೀರು ಬಂತು, ಅಗೆದವರಿಗೆ ಹೊಲವೇ ಇರಲಿಲ್ಲ. ಸುರಪುರದವರಿಗೆ ಅರಮನೆ ಇದೆ, ಶಹಾಪುರದವರಿಗೆ ಬೆಟ್ಟವಿದೆ, ಯಾದಗಿರಿಯವರಿಗೆ ಕೋಟೆ ಇದೆ. ನಮ್ಮ ಕೇರಿಯವರಿಗೆ ತೋರಿಸಲು ಒಂದು ಕಲ್ಲೂ ಇರಲಿಲ್ಲ. ಎರಡು ಸಾವಿರ ವರ್ಷದ ಕೆಳಗೆ ಇದೇ ನೆಲವನ್ನು ಯಾರೋ ಬುದ್ಧನ ಜನಕ್ಕೆ ಬರೆದುಕೊಟ್ಟಿದ್ದರು, ಅದನ್ನು ಓದಿ ಹೇಳಿದವನು ಕಾಲುವೆ ಅಗೆದವರ ಮಗ. ಈ ಸುದ್ದಿ ಪತ್ರಿಕೆಯಲ್ಲಿ ಬಂದರೆ ಹೇಗಿರುತ್ತದೆ ಎಂದು ಸೈಕಲ್ ತುಳಿಯುತ್ತ ಮನೆಗೆ ಬರುವಾಗಲೇ ವಾಕ್ಯಗಳನ್ನು ಕಟ್ಟಿದ್ದೆ. ಆ ಸಂಜೆಯೇ ಡಿಪ್ಲೊಮಾದಲ್ಲಿ ಕಲಿಸಿದ ಪ್ರೊಫೆಸರರಿಗೆ ಕಾಗದ ಬರೆದೆ: ಸಂಘಕ್ಕೆ ಭೂದಾನ ಮಾಡಿದ ಶಾಸನ ಸಿಕ್ಕಿದೆ, ತಾವು ಬರಬೇಕು.

ಮರುದಿನ ಸ್ಟಾಫ್ ರೂಮಿನಲ್ಲಿ ಸುದ್ದಿ ಹೇಳಿದಾಗ ಡ್ರಾಯಿಂಗ್ ಮಾಸ್ತರರು ಕೇಳಿದರು, "ನಾನೂ ಒಮ್ಮೆ ನೋಡಬೌದಾ ಸರ್? ಸುಮ್ನ ಬರಕೊಂತೀನಿ."

"ನಿಮಗೇನು ತಿಳೀತದ್ರಿ ಅದರಾಗ?" ಎಂದೆ.

"ತಿಳಿಯಂಗಿಲ್ಲ ಸರ್. ಅದಕ್ಕs ಕೇಳಾಕತ್ತೀನಿ."

ಎರಡು ಭಾನುವಾರ ಅವರು ಆ ಹೊಲದಲ್ಲಿ ಕೂತರು. ತಲೆಗೆ ಟವೆಲ್, ಪಕ್ಕದಲ್ಲಿ ನೀರಿನ ಮಗಿ. ಕಲ್ಲಿನ ಮೇಲೆ ಅಡ್ಡ ಉದ್ದ ನೂಲು ಬಿಗಿದು, ಹಾಳೆಯ ಮೇಲೆ ಚೌಕ ಹಾಕಿ, ಒಂದೊಂದೇ ಚೌಕ. ಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ಬರೆಯುವರು, ನೆತ್ತಿಗೆ ಬಂದಾಗ ಬೇವಿನ ಕೆಳಗೆ ಮಲಗುವರು. ಅಜ್ಜಿ ಅವರಿಗೆ ರೊಟ್ಟಿ, ಶೇಂಗಾ ಹಿಂಡಿ ತಂದುಕೊಡುತ್ತಿದ್ದಳು. ನಾನು ಹೋದಾಗ ನೀರೂ ಕೇಳಿರಲಿಲ್ಲ.

"ನಿಮ್ಮ ಮಾಸ್ತರ ನೋಡು, ಕಲ್ಲಿನ ಕೂಡ ಮಾತಾಡಿದಂಗ ಕುಂತಾನ," ಎಂದಳು ನನಗೆ. "ನೀ ಬಂದಾಗ ಕಲ್ಲಿಗೆ ಬುದ್ಧಿ ಹೇಳಿದಂಗ ಇತ್ತು."

ಚಿತ್ರ ಮುಗಿದ ದಿನ ಅವರು ಹಾಳೆ ಬಿಚ್ಚಿ ತೋರಿಸಿದರು. ಕಲ್ಲೇ ಹಾಳೆಯ ಮೇಲೆ ಬಂದು ಮಲಗಿದ ಹಾಗಿತ್ತು. ಒಡೆದ ಅಂಚು, ಅಜ್ಜಿಯ ಸಾಬೂನು ಇಳಿದು ಒಣಗಿದ ಕಲೆ, ಎಲ್ಲವೂ ಇತ್ತು. ನಾನು ಮೂರನೆಯ ಸಾಲು ಹುಡುಕಿದೆ. ನನ್ನ 'ಸಂಘ' ಅಲ್ಲಿ ಇರಲಿಲ್ಲ. ಆ ಜಾಗದಲ್ಲಿ ಬೇರೆಯೇ ಗೆರೆಗಳಿದ್ದವು, ಒಂದು ಅಕ್ಷರದ ಕಾಲಿಗೆ ಕೊಂಡಿಯಂಥದೊಂದು ಇತ್ತು.

"ಇಲ್ಲಿ ತಪ್ಪು ಬರದೀರಿ," ಎಂದೆ.

"ಇರಬೌದು ಸರ್. ನನಗ ಇಷ್ಟs ಕಾಣಿಸ್ತು."

"ಓದಾಕ ಬಂದಿದ್ರ ಕಾಣಸ್ತಿತ್ತು."

ಅವರು ಹಾಳೆ ಸುತ್ತಿಕೊಂಡು, "ಹೌದ್ರಿ," ಎಂದರು. ವಾದ ಮಾಡಿದ್ದರೆ ಚೆನ್ನಾಗಿತ್ತು. ಮಾಡಲಿಲ್ಲ.

ಪ್ರೊಫೆಸರರ ಉತ್ತರ ಬಂತು. ಇಂಥ ದಿನ ಬರುತ್ತೇನೆ, ಹಸಿ ಕಾಗದ ಹಚ್ಚಿ ಕಲ್ಲಿನ ಅಚ್ಚು ತೆಗೆಯೋಣ, ಅಲ್ಲಿಯವರೆಗೆ ಕಲ್ಲನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳಿ. ಡಿಪ್ಲೊಮಾದ ಮೊದಲ ಪಾಠವೇ ಅದು. ಕಲ್ಲಿಗೆ ಬಣ್ಣ ಮುಟ್ಟಿಸಬಾರದು, ಸೀಮೆಸುಣ್ಣದಿಂದಲೂ ತಿದ್ದಬಾರದು. ಒಮ್ಮೆ ತಿದ್ದಿದರೆ ಮುಂದೆ ಬಂದವರಿಗೆ ಕಾಣುವುದು ತಿದ್ದಿದವನ ಕೈಯೇ. ಪರೀಕ್ಷೆಯಲ್ಲಿ ಇದನ್ನು ಬರೆದು ಒಳ್ಳೆಯ ಅಂಕ ತೆಗೆದುಕೊಂಡಿದ್ದೆ.

ಆದರೆ ನಾನು ಬೆಳೆದದ್ದು ಕಾಲುವೆಯ ದಂಡೆಯ ಮೇಲೆ. ಅಲ್ಲಿ ದೂರ ತೋರಿಸುವ ಕಲ್ಲು, ತೂಬಿನ ನಂಬರಿನ ಕಲ್ಲು, ಎಲ್ಲಕ್ಕೂ ಬೇಸಿಗೆಗೊಮ್ಮೆ ಇಲಾಖೆಯವರು ಬಿಳಿ ಬಣ್ಣ ತುಂಬುತ್ತಾರೆ. ಬಣ್ಣ ಹೋದ ಕಲ್ಲನ್ನು ಜನ ಕಿತ್ತು ಹಟ್ಟಿಗೆ ಒಯ್ಯುತ್ತಾರೆ, ಬಣ್ಣವಿದ್ದ ಕಲ್ಲನ್ನು ಸರಕಾರದ್ದು ಎಂದು ಮುಟ್ಟುವುದಿಲ್ಲ. ನಮ್ಮ ಕಡೆ ಬಣ್ಣ ಇದ್ದರೇ ಅಕ್ಷರ. ಕಲ್ಲು ಉಳಿಯಲಿ ಎಂದು ಬಳಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಕಾಲು ಪಾಲು ನಿಜ. ಉಳಿದ ಮುಕ್ಕಾಲು ಪಾಲು ಆ ಸುತ್ತಿಟ್ಟ ಹಾಳೆ.

"ಮಾಸ್ತರ್ರ, ಶಾಲಿ ಗೇಟಿಗೆ ತಂದಿದ್ದ ಬಿಳಿ ಬಣ್ಣ ಉಳದದ ಏನ್ರಿ?"

"ಅದ ಸರ್. ಯಾತಕ್ಕ?"

"ಮನಿ ಬಾಗಲಕ್ಕ."

ಡಬ್ಬಿಯ ಜೊತೆ ಸಣ್ಣ ಕುಂಚವನ್ನೂ ಕೊಟ್ಟು, ಕೆಲಸ ಮುಗಿದ ಮೇಲೆ ಸೀಮೆಎಣ್ಣೆಯಲ್ಲಿ ತೊಳೆದಿಡಲು ಹೇಳಿದರು. ಒಂದು ಬೆಳಿಗ್ಗೆ, ಅಜ್ಜಿ ಸಂತೆಗೆ ಹೋದಾಗ, ಮೂರನೆಯ ಸಾಲಿನ ನಡುವಿನ ಜಾಗಕ್ಕೆ ನಾನು ಬಣ್ಣ ತುಂಬಿದೆ. ನನ್ನ ಓದಿನ ಪ್ರಕಾರ. ಎಲ್ಲಿ ಗೆರೆ ನನ್ನ ಮಾತು ಕೇಳಲಿಲ್ಲವೋ ಅಲ್ಲಿ ಕುಂಚವನ್ನು ಸ್ವಲ್ಪ ಒತ್ತಿದೆ. ದೂರ ನಿಂತು ನೋಡಿದರೆ 'ಸಂಘ' ಎನ್ನುವುದು ಕಾಲುವೆಯ ನಂಬರಿನ ಹಾಗೆ ಬೆಳ್ಳಗೆ ಎದ್ದು ಕಾಣುತ್ತಿತ್ತು. ಅಷ್ಟು ಸಂತೋಷ ನೌಕರಿಯ ಆದೇಶ ಬಂದ ದಿನವೂ ಆಗಿರಲಿಲ್ಲ.

ಪ್ರೊಫೆಸರರು ಹೇಳಿದ ದಿನಕ್ಕೆ ಬಂದರು. ಅವರು ಮೈಸೂರು ಕಡೆಯವರು, ನಮ್ಮ ಮಾತು ಅವರಿಗೆ ಯಾವಾಗಲೂ ಜಗಳದ ಹಾಗೆ ಕೇಳಿಸುತ್ತಿತ್ತು. ಶಹಾಪುರದಿಂದ ಆಟೋದಲ್ಲಿ ಕರೆತಂದೆ. ನಾನು ಹೇಳಿ ಕಳಿಸದಿದ್ದರೂ ಡ್ರಾಯಿಂಗ್ ಮಾಸ್ತರರು ಹಾಳೆ ಹಿಡಿದು ಬೇವಿನ ಕೆಳಗೆ ನಿಂತಿದ್ದರು. ಅಜ್ಜಿ ಹೇಳಿದ್ದಳಂತೆ.

ಪ್ರೊಫೆಸರರು ಕಲ್ಲಿನ ಹತ್ತಿರ ಬಗ್ಗಿದವರು ಮೇಲೆ ಎದ್ದಾಗ ಮುಖ ಬದಲಾಗಿತ್ತು.

"ಈ ಬಣ್ಣ ಯಾರು ಬಳಿದದ್ದು?"

ನಾನು ಎಂದು ಹೇಳಲು ಬಾಯಿ ತೆರೆದೆ. "ಯಾರೋ ಪೇಂಟರ್ ಇರಬೇಕು ಸಾರ್," ಎಂದು ಬಂತು.

ಪ್ರೊಫೆಸರರ ಕಣ್ಣು ಡ್ರಾಯಿಂಗ್ ಮಾಸ್ತರರ ಕಡೆ ತಿರುಗಿತು. ಅವರ ಅಂಗಿಯ ತೋಳಿನ ಮೇಲೆ ಯಾವಾಗಲೂ ಬಣ್ಣದ ಚುಕ್ಕೆಗಳಿರುತ್ತಿದ್ದವು. ಅವರು ಕಲ್ಲನ್ನು ನೋಡಿದರು, ನನ್ನನ್ನು ನೋಡಿದರು. ನಾನು ಹೇಳಿದ ಮನೆಯ ಬಾಗಿಲು ಯಾವುದು ಎನ್ನುವುದು ಅವರಿಗೆ ಆಗಲೇ ತಿಳಿದಿರಬೇಕು.

"ಬಣ್ಣ ನಂದs ರಿ ಸರ್," ಎಂದರು.

ಅಷ್ಟೇ ಹೇಳಿದರು. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ನಾನು ಬಗ್ಗಿ ಅಚ್ಚಿನ ಕಾಗದದ ಸುರುಳಿ ಬಿಚ್ಚತೊಡಗಿದೆ.

"ಓದಿದವರ ನಡುವೆ ಇದ್ದುಕೊಂಡು ಹೀಗೆ ಮಾಡಬಹುದೇನ್ರೀ?" ಎಂದು ಪ್ರೊಫೆಸರರು ಗದರಿದರು. ಡ್ರಾಯಿಂಗ್ ಮಾಸ್ತರರು ತಲೆ ತಗ್ಗಿಸಿ ಕೇಳಿಸಿಕೊಂಡರು.

ಹಸಿ ಕಾಗದ ಹಚ್ಚಿ ಕುಂಚದಿಂದ ಬಡಿದು ಮಸಿ ಒತ್ತಿದಾಗ ಉಳಿದ ಸಾಲುಗಳು ಎದ್ದು ಬಂದವು. ಬಣ್ಣ ತುಂಬಿದ ಜಾಗ ಮಾತ್ರ ಚಪ್ಪಟೆ, ಕಾಗದ ಹಿಡಿಯಲೇ ಇಲ್ಲ. ಆಗ ಪ್ರೊಫೆಸರರು ಆ ಹಾಳೆ ಕೇಳಿದರು. ಅಚ್ಚನ್ನೂ ಚಿತ್ರವನ್ನೂ ಪಕ್ಕಪಕ್ಕ ಹಾಸಿ, ಭೂತಗನ್ನಡಿ ಹಿಡಿದು ಒಂದು ಗಂಟೆ ನೋಡಿದರು. ಅವರು ಒಂದೊಂದು ಅಕ್ಷರಕ್ಕೆ ತಲೆಯಾಡಿಸಿದಾಗಲೂ ಆ ತಲೆ ನನ್ನ ಕಡೆ ಆಡಬೇಕಿತ್ತು.

"ಎಲ್ಲಿ ಕಲಿತಿರಿ ಇದನ್ನ?" ಎಂದು ಕೇಳಿದರು. ಗದರಿದ ದನಿ ಎಲ್ಲಿಗೋ ಹೋಗಿತ್ತು.

"ನಮ್ಮ ಅಬ್ಬಾ ಬೋರ್ಡು ಬರಿತಿದ್ರು ಸರ್."

"ಸಾರ್, ಸಂಘ..." ಎಂದೆ ನಾನು.

"ಇಲ್ಲ ಕಣಯ್ಯಾ. ಅದು ಇಲ್ಲಿಲ್ಲ." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಅಕ್ಷರ ಗೊತ್ತು, ಓದಬಹುದು. ಆದರೆ ಇದು ಪ್ರಾಕೃತ ಅಲ್ಲ. ಕನ್ನಡ ಅಲ್ಲ, ತೆಲುಗೂ ಅಲ್ಲ. ಭೀಮಾ ಆಚೆ ಎರಡು ಒಡೆದ ತುಂಡು ಸಿಕ್ಕಿವೆ, ಅವುಗಳಲ್ಲಿರುವ ಎರಡು ಮಾತು ಇದರಲ್ಲೂ ಇವೆ. ಇದು ಮೂರನೆಯ ಕಲ್ಲು. ಇಲ್ಲಿ ಯಾರೋ ಒಂದು ಭಾಷೆ ಆಡುತ್ತಿದ್ದರು ಅಂತ ಅನುಮಾನ ಪಡೋದಕ್ಕೆ ಈ ಮೂರು ಕಲ್ಲು ಬಿಟ್ಟರೆ ನಮ್ಮ ಹತ್ತಿರ ಏನೂ ಇಲ್ಲ."

ಅಜ್ಜಿ ಎಲೆಯಡಿಕೆ ಹಾಕಿಕೊಳ್ಳುತ್ತ ಕೇಳಿದಳು, "ಹಂಗಾರ ಏನು ಬರದದ ಅದರಾಗ?"

"ಗೊತ್ತಿಲ್ಲ ಅಜ್ಜಿ. ಇನ್ನಷ್ಟು ಕಲ್ಲು ಸಿಗಬೇಕು."

"ಇಷ್ಟು ಮಂದಿ ಸಾಲಿ ಕಲ್ತು ಗೊತ್ತಿಲ್ಲ ಅಂತೀರಿ. ಬರದಾವರು ಎಲ್ಲಿ ಹೋದ್ರು?"

"ಎಲ್ಲೂ ಹೋಗಿರಲಿಕ್ಕಿಲ್ಲ. ಮಾತು ಬಿಟ್ಟಿರಬೇಕು. ಅವರ ಮಕ್ಕಳು ಬೇರೆ ಭಾಷೆ ಹಿಡಿದಿರಬೇಕು."

"ಹಾಂಗಿದ್ರ ನಾವs ಇರಬೌದು," ಎಂದಳು ಅಜ್ಜಿ.

ಕಾಲುವೆಗೆ ನೀರು ಬಿಡುವುದರೊಳಗೆ ತೋಡಿಗೆ ಬೇರೆ ಕಲ್ಲು ಹಾಕಿಸಿ, ಇದನ್ನು ಬದುವಿನ ಮೇಲೆ ಇಡಿಸಿದೆವು. ಬಣ್ಣವನ್ನು ಥಿನ್ನರ್ ಅದ್ದಿದ ಬಟ್ಟೆಯಿಂದ, ಬಿದಿರಿನ ಕಡ್ಡಿಯಿಂದ, ಕಬ್ಬಿಣ ತಾಗಿಸದೆ ತೆಗೆಯಬೇಕು, ತಿಂಗಳುಗಟ್ಟಲೆ ಹಿಡಿದೀತು, ಯಾರು ಮಾಡುತ್ತೀರಿ ಎಂದು ಪ್ರೊಫೆಸರರು ಕೇಳಿದರು. ನಾನು ಮಾಡುತ್ತೇನೆ ಎಂದೆ. ಅವರಿಗೆ ನನ್ನ ಮೇಲೆ ಅಭಿಮಾನವಾದದ್ದು ಕಂಡಿತು. ಅದನ್ನೂ ತೆಗೆದುಕೊಂಡೆ.

ಆಟೋ ಹೋದ ಮೇಲೆ ಡ್ರಾಯಿಂಗ್ ಮಾಸ್ತರರು ಸೈಕಲ್ ಹತ್ತುತ್ತ, "ಕುಂಚ ತೊಳದೀರಿಲ್ಲ ಸರ್? ಒಣಗಿದ್ರ ಹಾಳಾಗ್ತದ," ಎಂದರು. ತೊಳೆದಿರಲಿಲ್ಲ.

ಕೆಲವು ತಿಂಗಳಿಗೆ ಪ್ರೊಫೆಸರರ ಲೇಖನ ಒಂದು ಸಂಶೋಧನಾ ಪತ್ರಿಕೆಯಲ್ಲಿ ಬಂತು. ಡ್ರಾಯಿಂಗ್ ಮಾಸ್ತರರ ಚಿತ್ರಕ್ಕೆ ಒಂದು ಪುಟ ಪೂರ್ತಿ, ಕೆಳಗೆ ಅವರ ಹೆಸರು. ನನ್ನ ಜಾಗ ಎಲ್ಲಿ ಎಂದು ಹುಡುಕಿದೆ. 'ಯಾರೋ ಬಣ್ಣ ಬಳಿದ ಕಾರಣ ಮೂರನೆಯ ಸಾಲಿನ ಕೆಲವು ಅಕ್ಷರಗಳನ್ನು ಪರಿಶೀಲಿಸಲಾಗಲಿಲ್ಲ' ಎಂದಿತ್ತು. ಆ ಯಾರೋ ನಾನು. ಮನೆತನದಲ್ಲಿ ಪದವಿ ಕಂಡ ಮೊದಲಿಗ ಅಚ್ಚಿನಲ್ಲಿ 'ಯಾರೋ' ಆಗಿದ್ದೆ. ಆದರೆ ಅದೇ ಪುಟದಲ್ಲಿ ಇನ್ನೊಂದು ಮಾತೂ ಇತ್ತು: ಆ ಅಕ್ಷರದ ಕಾಲಿನ ಕೊಂಡಿ ಕಲ್ಲಿನ ಗೀರು ಇರಬೇಕು, ಚಿತ್ರಕಾರರ ಕಣ್ತಪ್ಪು. ಈ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಬಾಯಿಪಾಠವೇ ಆಗಿತ್ತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಅವರ ಬೆನ್ನು ತಟ್ಟುವಾಗ ನಾನು ಆ ಸಾಲನ್ನು ಒಳಗೆ ಹೇಳಿಕೊಳ್ಳುತ್ತಿದ್ದೆ.

ಭಾನುವಾರಕ್ಕೊಮ್ಮೆ ಬದುವಿನ ಮೇಲೆ ಕೂತು ಬಣ್ಣ ತೆಗೆಯುತ್ತಿದ್ದೆ. ಒಂದು ಸಲಕ್ಕೆ ಉಗುರಿನಗಲ. ನನ್ನ 'ಸಂಘ' ಕರಗಿ ಬಟ್ಟೆಗೆ ಹತ್ತಿತು. ಕೆಳಗೆ ಹಾಳೆಯ ಮೇಲೆ ಇದ್ದ ಗೆರೆಗಳೇ ಒಂದೊಂದಾಗಿ ಬಂದವು. ಮುಂದಿನ ಬೇಸಿಗೆ ಕಾಲುವೆ ಮತ್ತೆ ಬಂದ್ ಆಗುವ ಹೊತ್ತಿಗೆ ಆ ಅಕ್ಷರದ ಕಾಲು ಮಾತ್ರ ಉಳಿದಿತ್ತು. ಅದರ ಬುಡಕ್ಕೆ ಕಡ್ಡಿ ಹಾಕಿದಾಗ ಕಡ್ಡಿ ಒಳಗೆ ಇಳಿಯಿತು. ಗೀರಿನಲ್ಲಿ ಹಾಗೆ ಇಳಿಯುವುದಿಲ್ಲ. ಉಳಿ ಬಡಿದು ತಿರುಗಿಸಿದ ತಗ್ಗು ಅದು, ಬೆರಳಿಗೆ ಸ್ಪಷ್ಟವಾಗಿ ಹತ್ತಿತು. ಕೊಂಡಿ ಇತ್ತು.

ನಾನು ಕಡ್ಡಿ ಕೆಳಗಿಟ್ಟೆ. ಆ ಚೂರು ಬಣ್ಣ ಹಾಗೇ ಬಿಟ್ಟರೆ ಯಾರೂ ಕೇಳುವವರಿಲ್ಲ. ಜಗತ್ತಿನಲ್ಲಿ ಈ ಸಂಗತಿ ಗೊತ್ತಿದ್ದವನು ನಾನೊಬ್ಬನೇ. ಡಬ್ಬಿಯ ಮುಚ್ಚಳ ಹಾಕಿ ಎದ್ದೆ.

ಅಜ್ಜಿ ಸೆರಗಿನಿಂದ ಮುಖ ಒರೆಸುತ್ತ ಬಂದಳು. "ಅಲ್ಲೊಂದೀಟು ಉಳದದ ನೋಡು ತಮ್ಮಾ."

"ಇರ್ಲಿ ಅಜ್ಜಿ, ಅಷ್ಟು ಏನಾಗಂಗಿಲ್ಲ."

"ಬಳಿಯಾಕ ಬರ್ತಿತ್ತು, ಅಷ್ಟು ತಿಕ್ಕಾಕ ಬರಂಗಿಲ್ಲ?"

"ಯಾರು ಹೇಳಿದ್ರು ನಿನಗ?"

"ಯಾರು ಹೇಳಬೇಕು? ಸಂತಿಯಿಂದ ಬರೂವಾಗ ದಾರ್ಯಾಗ ನೀ ಸಿಕ್ಕಿದ್ದಿ, ನಿನ್ನ ಧೋತರದ ಅಂಚಿಗೆ ಬಿಳೀದು ಹತ್ತಿತ್ತು. ಆ ಸುರಪುರದ ಮಾಸ್ತರ ಬೈಸಿಕೊಂಡು ನಿಂತಾಗ ನೀ ಏನರ ಅಂತೀ ಅಂತ ನೋಡಿದೆ. ನೀ ಅನ್ನಲಿಲ್ಲ. ಅಂವನೂ ಅನ್ನಲಿಲ್ಲ. ನಾ ಯಾಕ ಅನ್ನಲಿ?" ಎಂದು ಎಮ್ಮೆ ಹೊಡೆದುಕೊಂಡು ಹೋದಳು.

ಕೂತು ಉಳಿದದ್ದನ್ನು ತೆಗೆದೆ. ಕೊಂಡಿ ಪೂರ್ತಿ ಬಂತು, ತುದಿಯಲ್ಲಿ ಸ್ವಲ್ಪ ಒಳಗೆ ಮಡಚಿದ ಹಾಗೆ, ಅವರ ಹಾಳೆಯಲ್ಲಿ ಇದ್ದ ಹಾಗೆಯೇ. ಅದನ್ನು ಕೆತ್ತಿದವನು ಏನು ಹೇಳುತ್ತಿದ್ದ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅವನು ಆ ತುದಿಯನ್ನು ಜೋಪಾನವಾಗಿ ಮಡಚಿದ್ದ, ಅಷ್ಟು ಗೊತ್ತು.

ಮರುದಿನ ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕೂತು ಕಾರ್ಡು ಬರೆದೆ. 'ಮೂರನೆಯ ಸಾಲಿನ ಕೊಂಡಿ ಗೀರಲ್ಲ, ಕೆತ್ತಿದ್ದು. ಚಿತ್ರ ಸರಿಯಾಗಿದೆ. ಬಣ್ಣ ಬಳಿದವನು ನಾನು. ಮನೆಗೆಂದು ಸುಳ್ಳು ಹೇಳಿ ಬಣ್ಣ ತಂದಿದ್ದೆ, ಡ್ರಾಯಿಂಗ್ ಮಾಸ್ತರರದು ತಪ್ಪಿಲ್ಲ.' ಕೆಳಗೆ ಹೆಸರು ಬರೆದೆ. ಡಿಗ್ರಿ ಬರೆಯಲಿಲ್ಲ, ಜಾಗವೂ ಇರಲಿಲ್ಲ. ಕಾರ್ಡನ್ನು ಡಬ್ಬಿಗೆ ಹಾಕಿದ ಕೈ ವಾಪಸು ಬಂದ ಮೇಲೆ, ಲಕೋಟೆಯಲ್ಲಿ ಹಾಕಬೇಕಿತ್ತು, ಅಂಚೆಯವನು ಓದುತ್ತಾನೆ ಎಂದು ಹೊಳೆಯಿತು.

ಪ್ರೊಫೆಸರರಿಂದ ನನಗೆ ಉತ್ತರ ಬರಲಿಲ್ಲ. ಡ್ರಾಯಿಂಗ್ ಮಾಸ್ತರರಿಗೆ ಕ್ಷಮೆ ಕೇಳಿದ ಕಾಗದ ಬಂತು ಎಂದು ತಿಳಿಯಿತು. ಅವರು ನನಗೆ ತೋರಿಸಲಿಲ್ಲ. ಒಂದು ವರ್ಷದ ಮೇಲೆ ತಿದ್ದುಪಡಿಯ ಟಿಪ್ಪಣಿ ಅಚ್ಚಾಯಿತು. ಪತ್ರಿಕೆ ಬಂದ ದಿನ ಅವರು ಅದನ್ನು ಬಿಚ್ಚಿ ಹಿಡಿದುಕೊಂಡೇ ಸ್ಟಾಫ್ ರೂಮಿಗೆ ಓಡಿ ಬಂದರು.

"ಸರ್, ನಿಮ್ಮ ಹೆಸರೂ ಬಂದದ ನೋಡ್ರಿ!"

ಅರ್ಧ ಪುಟವಿತ್ತು. ಕೊಂಡಿ ನಿಜವೆಂದು ತಿಳಿದುಬಂದಿದೆ, ಕಲ್ಲನ್ನು ಶುಚಿಗೊಳಿಸಿದವರು ಇಂಥವರು ಎಂದು ನನ್ನ ಹೆಸರು. ಅವರ ಮುಖದಲ್ಲಿ ಹಬ್ಬದ ಖುಷಿ ಇತ್ತು, ಇಷ್ಟೂ ಕಲಬೆರಕೆ ಇರಲಿಲ್ಲ. ನಾನು ಮೊದಲು ನೋಡಿದ್ದು ಯಾರ ಹೆಸರು ಮೇಲಿದೆ ಎಂದು.

ಅವರದೇ ಮೇಲಿತ್ತು.

"ಚಹಾ ಹೇಳ್ರಿ ಮಾಸ್ತರ್ರ," ಎಂದೆ. ಅವತ್ತು ಚಹಾ ಪೂರ್ತಿ ಕುಡಿದೇ ಎದ್ದೆ.